ಗೃಹವೈದ್ಯ: ಸವೆದ ಮೊಣಕಾಲು ಮತ್ತು ಹೊಸ ಚುಚ್ಚುಮದ್ದು

ಮೊಣಕಾಲಿನ ಬೇನೆಯ ವಿಷಯವಾಗಿ ಬರೆಯಬೇಕೆಂದು ಗಡಿಭಾಗದ ವಾಚಕರು ನಮ್ಮನ್ನು ಬಹು ದಿನಗಳಿಂದ ಕೇಳುತ್ತಲಿರುವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಿಂದ ಬರುವ ಪತ್ರಗಳಲ್ಲಿ ಪ್ರಶ್ನೆಯು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮನೆಯ ಹಿರಿಯರಿಗೆ ಅರವತ್ತು ದಾಟಿದೆ. ಕುಳಿತರೆ ಏಳಲಾರರು, ಎದ್ದರೆ ಕೂಡ್ರಲಾರರು. ಮೊಣಕಾಲಿನ ಗಾದಿ ಸವೆದಿದೆಯೆಂದು ಡಾಕ್ಟರರು ಹೇಳಿರುವರು. ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿದರೆ ಗಾದಿಯು ಹೊಸದಾಗಿ ಬೆಳೆಯುವುದೆಂದು ಬೇರೊಬ್ಬರು ಹೇಳಿರುವರು. ಕಬ್ಬಿನ ಬಿಲ್ಲು ಬಂದಿದೆ, ಹಾಕಿಸೋಣವೆ? ಈ ಕಡೆಯ ಮಾತೇ ನಮ್ಮಿಂದ ಪ್ರಕೃತ ಲೇಖನವನ್ನು ಬರೆಯಿಸುತ್ತಿರುವುದು. ಒಂದು ವರ್ಷ ನೀರು ಕಾದು, ಗೊಬ್ಬರ ಹೊತ್ತು, ಕಾರಖಾನೆಯ ಸರತಿ ಕಾದು ಬಂದ ಹಣವು ಒಂದು ಸೂಜಿಯ ಮೊನೆಯಲ್ಲಿ ಹೋಗುವುದಾದರೆ, ಆ ಸೂಜಿಯೊಳಗೆ ಏನಿದೆಯೆಂಬುದನ್ನು ಮನೆಯವರು ತಿಳಿದಿರುವುದು ಅವಶ್ಯ.

ಈ ಪ್ರಾಂತದ ಮೊಣಕಾಲುಗಳು ಬಹಳ ದುಡಿಯತಕ್ಕವು. ನಿಪ್ಪಾಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುವ ಹೆಂಗಸರು ದಿನದ ಬಹುಭಾಗವನ್ನು ಕಾಲು ಮಡಿಸಿಯೇ ಕಳೆಯುವರು. ಅಥಣಿಯ ಕಡೆ ಚಪ್ಪಲಿ ಮಾಡುವವರು ನೆಲದ ಮೇಲೆಯೇ ಕುಳಿತು ಚರ್ಮ ಕೊಯ್ದು ಹೊಲಿಯುವರು. (ಕೊಲ್ಲಾಪುರದ ಹೆಸರಿನ ಆ ಚಪ್ಪಲಿಯು ಬೆಳಗಾವಿ ಜಿಲ್ಲೆಯದೂ ಹೌದೆಂದು 2019ರ ಭೌಗೋಳಿಕ ಗುರುತಿನ ಪತ್ರವು ಒಪ್ಪಿರುವುದು ಸಂತೋಷದ ಸಂಗತಿ.) ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಡಿದು ಹೊರೆ ಹೊರುವವರ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಬೀಜಿಂಗ್ ನಗರದ ವೃದ್ಧರನ್ನು ಪರೀಕ್ಷಿಸಿದ ವೈದ್ಯರು, ಪ್ರಾಯದಲ್ಲಿ ದಿನಕ್ಕೆ ಹಲವು ತಾಸು ಕುಕ್ಕರಗಾಲಿನಲ್ಲಿ ಕುಳಿತವರಿಗೆ ಮೊಣಕಾಲಿನ ಸವಕಲು ಹೆಚ್ಚೆಂದು 2004ರಲ್ಲಿ ಪ್ರಕಟಿಸಿದರು. ಆದರೆ ದುಡಿಮೆಯೊಂದೇ ಕಾರಣವೆಂದು ತಿಳಿಯಬಾರದು. ವಯಸ್ಸು, ಮೈತೂಕ, ಹಳೆಯ ಪೆಟ್ಟು, ತಾಯಿತಂದೆಗಳಿಂದ ಬಂದ ದೇಹಗುಣ ಇವೆಲ್ಲ ಕೂಡಿಯೇ ಕೆಲಸ ಮಾಡುವುವು. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಈ ರೋಗವು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ.

ಗಾದಿಯೆಂದು ಜನರು ಕರೆಯುವ ವಸ್ತುವು ನಿಜವಾಗಿ ಯಾವುದು? ತೊಡೆಯ ಎಲುಬಿನ ಕೆಳತುದಿಗೂ ಮೊಣಕಾಲ ಕೆಳಗಿನ ಎಲುಬಿನ ಮೇಲ್ತುದಿಗೂ ನುಣುಪಾದ, ಬಿಳಿಯ, ರಬ್ಬರಿನಂತೆ ಬಾಗುವ ಒಂದು ಹೊದಿಕೆಯಿರುತ್ತದೆ. ಇದಕ್ಕೆ ಮೃದ್ವಸ್ಥಿಯೆಂದು ಹೆಸರು. ಇದರ ದಪ್ಪವು ಕೆಲವೇ ಮಿಲಿಮೀಟರು. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತವಿಲ್ಲದ ಕಾರಣ ಗಾಯವಾದರೆ ಚರ್ಮದಂತೆ ಮಾಯುವುದಿಲ್ಲ. ನರವಿಲ್ಲದ ಕಾರಣ ಸವೆಯುವಾಗ ಅದು ನೋಯುವುದೂ ಇಲ್ಲ. ನೋಯುವುದು ಅದರ ಕೆಳಗಿನ ಎಲುಬು, ಕೀಲನ್ನು ಸುತ್ತುವರಿದ ಪೊರೆ, ಸ್ನಾಯುಬಂಧಗಳು. ಆದುದರಿಂದಲೇ ಎಕ್ಸರೇ ಚಿತ್ರದಲ್ಲಿ ಬಹಳ ಸವೆದಂತೆ ಕಾಣುವ ಕೆಲವರು ಸಂತೆಗೆ ನಡೆದು ಹೋಗಿಬರುವರು. ಚಿತ್ರದಲ್ಲಿ ಅಷ್ಟೇನೂ ಕಾಣದ ಇನ್ನು ಕೆಲವರು ರಾತ್ರಿಯೆಲ್ಲ ನರಳುವರು.

ಚಿತ್ರವನ್ನು ನೋಡಿ ಸವಕಲನ್ನು ಸೊನ್ನೆಯಿಂದ ನಾಲ್ಕರವರೆಗೆ ಎಣಿಸುವ ಕ್ರಮವನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಂಗ್ಲಿಷ್ ವೈದ್ಯರು 1957ರಲ್ಲಿ ಬಳಕೆಗೆ ತಂದರು. ತಮ್ಮ ಮನೆಯ ರೋಗಿಯದು ಎಷ್ಟನೆಯ ಮೆಟ್ಟಿಲೆಂಬುದನ್ನು ವಾಚಕರು ಡಾಕ್ಟರರನ್ನು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ಚಿತ್ರವನ್ನು ನಿಂತೇ ತೆಗೆಯಿಸಬೇಕು. ಮಲಗಿಸಿ ತೆಗೆದರೆ ಎಲುಬುಗಳ ನಡುವಣ ಅಂತರವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದು. ಜ್ವರದೊಂದಿಗೆ ಕೀಲು ಕೆಂಪಾಗಿ ಊದಿಕೊಂಡಿದ್ದರೆ, ಇಲ್ಲವೆ ಕೈಬೆರಳುಗಳ ಕೀಲುಗಳೂ ಮುಂಜಾನೆ ಬಹಳ ಹೊತ್ತು ಬಿಗಿದಿದ್ದರೆ, ಅದು ಬೇರೆ ರೋಗವಿರಬಹುದು. ಅಂಥವರಿಗೆ ಈ ಲೇಖನವು ಅನ್ವಯಿಸುವುದಿಲ್ಲ. ಅವರು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನು ಮದ್ದುಗಳ ವಿಚಾರ. "ನಮ್ಮ ಓಣಿಯ ಒಬ್ಬರಿಗೆ ಆ ಸೂಜಿಯಿಂದ ಗುಣವಾಯಿತು" ಎಂಬುದೇ ಈ ಪ್ರಾಂತದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಮಾಣವಾಗಿರುವುದರಿಂದ ಮೊದಲು ಅದನ್ನೇ ತೂಗಿ ನೋಡೋಣ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 180 ಜನ ರೋಗಿಗಳನ್ನು ಮೂರು ಪಾಲು ಮಾಡಿದರು. ಎರಡು ಪಾಲಿನವರ ಮೊಣಕಾಲಿನೊಳಗೆ ನಳಿಕೆಯಿಟ್ಟು ತೊಳೆದರು, ಕೆರೆದರು. ಮೂರನೆಯ ಪಾಲಿನವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದು ಕಳಿಸಿದರು. ಯಾರಿಗೆ ಏನು ಮಾಡಿದೆಯೆಂಬುದು ರೋಗಿಗಳಿಗೆ ತಿಳಿಯದು. ಎರಡು ವರ್ಷಗಳ ತನಕ ನೋಡಲಾಗಿ, ಬರಿಯ ಚರ್ಮ ಕೊಯ್ಯಿಸಿಕೊಂಡವರಿಗಿಂತ ಉಳಿದವರಿಗೆ ಏನೂ ಹೆಚ್ಚಿನ ಗುಣವಾಗಿರಲಿಲ್ಲ. 2002ರಲ್ಲಿ ಇದು ಪ್ರಕಟವಾಯಿತು. ಮೊಣಕಾಲಿನ ನೋವು ಹೊಳೆಯ ನೀರಿನಂತೆ ಏರುತ್ತ ಇಳಿಯುತ್ತ ಇರತಕ್ಕದ್ದು. ನಾವು ವೈದ್ಯರ ಬಳಿಗೆ ಓಡುವುದು ಅದು ತುಂಬ ಏರಿದಾಗ. ಅನಂತರ ಅದು ತಾನಾಗಿ ಇಳಿದರೂ ಕೀರ್ತಿಯು ಸೂಜಿಗೆ ಸಲ್ಲುತ್ತದೆ. ಹಣ ಹೆಚ್ಚು ಕೊಟ್ಟಷ್ಟೂ ನಂಬಿಕೆಯು ಹೆಚ್ಚುವುದೆಂದು ಬೇರೆ ಹೇಳಬೇಕೆ!

ರೋಗಿಯ ರಕ್ತವನ್ನೇ ತೆಗೆದು, ತಿರುಗಿಸಿ, ಅದರ ಸಾರವನ್ನು ಮೊಣಕಾಲಿಗೆ ಚುಚ್ಚುವ ಪಿ.ಆರ್.ಪಿ. ಎಂಬ ಚಿಕಿತ್ಸೆಯ ಗತಿಯೂ ಇದೇ. ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಅರ್ಧದಷ್ಟು ಜನರಿಗೆ ಇದನ್ನೂ ಉಳಿದವರಿಗೆ ಉಪ್ಪುನೀರನ್ನೂ ಚುಚ್ಚಿ ಒಂದು ವರ್ಷ ನೋಡಿದರು. ಹತ್ತು ಅಂಕಗಳ ನೋವಿನಲ್ಲಿ ಮೊದಲಿನವರಿಗೆ 2.1ರಷ್ಟೂ ಉಪ್ಪುನೀರಿನವರಿಗೆ 1.8ರಷ್ಟೂ ಇಳಿಯಿತು. ಮೃದ್ವಸ್ಥಿಯ ಸವಕಲಿನಲ್ಲಿಯೂ ಗಣನೀಯ ಭೇದವಿರಲಿಲ್ಲ. ಇದು 2021ರ ಮಾತು. ಬೇರೆ ಚಿಕ್ಕ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯ ಫಲ ಕಂಡುದುಂಟು. ಆದರೂ ಸಾಲ ಮಾಡಿ ಹಾಕಿಸಿಕೊಳ್ಳುವಷ್ಟು ಗಟ್ಟಿಯಾದ ಆಧಾರವು ಇದಕ್ಕಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸ್ಟೆರಾಯ್ಡ್ ಚುಚ್ಚುಮದ್ದು ಅಗ್ಗದ್ದು. ಊದಿಕೊಂಡ ಕೀಲಿನ ನೋವನ್ನು ಕೆಲವು ವಾರ ತಗ್ಗಿಸುವುದು ನಿಜ. ಮಗಳ ಮದುವೆ ಎದುರಿಗಿದ್ದಾಗ ಒಮ್ಮೆ ಹಾಕಿಸಿಕೊಂಡರೆ ತಪ್ಪೇನಿಲ್ಲ. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಹಾಕಿಸಿಕೊಂಡವರಲ್ಲಿ ನೋವೇನೂ ಕಡಮೆಯಾಗದೆ ಮೃದ್ವಸ್ಥಿಯೇ ಹೆಚ್ಚು ತೆಳುವಾಯಿತೆಂದು 2017ರಲ್ಲಿ ಗೊತ್ತಾಯಿತು. ಮಧುಮೇಹಿಗಳಿಗೆ ಇದರಿಂದ ಕೆಲವು ದಿನ ಸಕ್ಕರೆಯು ಏರುವುದು. ಶಸ್ತ್ರಕ್ರಿಯೆ ಮಾಡಿಸುವ ಆಲೋಚನೆಯಿದ್ದವರು ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಇದನ್ನು ಹಾಕಿಸಬಾರದು. ಕೀಲಿನಲ್ಲಿ ಸೋಂಕಾಗುವ ಭಯವು ಹೆಚ್ಚುತ್ತದೆ. ಗ್ಲೂಕೋಸಮೀನ್ ಗುಳಿಗೆಗಳ ವಿಷಯದಲ್ಲಿ ಅಮೆರಿಕದ ಸರಕಾರವೇ 1583 ಜನರ ಮೇಲೆ ಪರೀಕ್ಷೆ ಮಾಡಿಸಿತು. ಒಟ್ಟಿನಲ್ಲಿ ನೋಡಿದರೆ ಬರಿಯ ಹಿಟ್ಟಿನ ಗುಳಿಗೆಗಿಂತ ಅದು ಮೇಲಲ್ಲವೆಂದು 2006ರಲ್ಲಿ ಕಂಡುಬಂದಿತು. ಹೆಸರಿಲ್ಲದ ಪುಡಿಕೆಯಲ್ಲಿ ಕಟ್ಟಿಕೊಡುವ ವಾತದ ಪುಡಿಗಳಿಂದ ದೂರವಿರತಕ್ಕದ್ದು. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಈಗ ಸ್ಟೆಮ್ ಸೆಲ್, ಅಂದರೆ ಕಾಂಡಕೋಶ. ಇನ್ನೂ ತನ್ನ ಕಸುಬನ್ನು ಗೊತ್ತುಮಾಡಿಕೊಳ್ಳದ ಕೋಶಕ್ಕೆ ಈ ಹೆಸರು. ಅಸ್ಥಿಮಜ್ಜೆಯಲ್ಲಿ ದೊರೆಯುವ ಒಂದು ಜಾತಿಯ ಕೋಶಗಳು ಪ್ರಯೋಗಶಾಲೆಯ ಪಾತ್ರೆಯಲ್ಲಿ ಎಲುಬಾಗಿ, ಕೊಬ್ಬಾಗಿ, ಮೃದ್ವಸ್ಥಿಯಾಗಿ ಬೆಳೆಯಬಲ್ಲವೆಂದು ಕಂಡಮೇಲೆ ಇವನ್ನು ಮೊಣಕಾಲಿಗೆ ಹಾಕಿದರೆ ಅಲ್ಲಿಯೂ ಮೃದ್ವಸ್ಥಿಯು ಬೆಳೆಯಬೇಕಲ್ಲವೆ ಎಂಬ ಆಶೆಯು ಹುಟ್ಟಿತು. ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಎಂಬ ವಿಜ್ಞಾನಿಗಳು 1991ರಲ್ಲಿ ಈ ಕೋಶಗಳಿಗೆ ಕಾಂಡಕೋಶವೆಂಬ ಹೆಸರನ್ನು ರೂಢಿಗೆ ತಂದರು. ಅವರೇ 2017ರಲ್ಲಿ, ಈ ಹೆಸರನ್ನು ಬದಲಿಸುವ ಕಾಲ ಬಂದಿದೆಯೆಂದು ಬರೆದರು. ಚುಚ್ಚಿದ ಕೋಶಗಳು ಅಲ್ಲಿ ಬೇರೂರಿ ಹೊಸ ಅಂಗವಾಗುವುದಿಲ್ಲ. ಉರಿಯನ್ನು ತಗ್ಗಿಸುವ ಕೆಲವು ದ್ರವ್ಯಗಳನ್ನು ಸ್ರವಿಸಿ ಮರೆಯಾಗುತ್ತವೆ. ಹೆಸರಿನಿಂದಾಗಿ ಜನರಿಗೆ ಭ್ರಮೆಯಾಗುತ್ತಿದೆಯೆಂಬುದು ಅವರ ವಾದದ ಸಾರ. ಹೆಸರಿಟ್ಟವರೇ ಹೆಸರನ್ನು ಹಿಂತೆಗೆಯಬೇಕೆಂದ ಮೇಲೆ, ಕೈಪತ್ರಗಳಲ್ಲಿ "ಹೊಸ ಗಾದಿ ಬೆಳೆಸುತ್ತೇವೆ" ಎಂದು ಅಚ್ಚು ಹಾಕಿಸುವುದು ಎಷ್ಟರಮಟ್ಟಿಗೆ ಪ್ರಾಮಾಣಿಕವೆಂಬುದನ್ನು ವಾಚಕರೇ ನಿರ್ಧರಿಸಲಿ.

ಈ ವಿಷಯದಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮುಖ್ಯವಾದ ಪ್ರಯತ್ನವುಂಟು. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಎಂಬ ಸಂಸ್ಥೆಯು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಕೋಶಗಳನ್ನು ತೆಗೆದು, ಕೂಡಿಸಿ, ಬೆಳೆಸಿ, ಸ್ಟೆಮ್‌ಪ್ಯೂಸೆಲ್ ಎಂಬ ಮದ್ದನ್ನು ಸಿದ್ಧಪಡಿಸಿದೆ. ಒಂದೊಂದು ಮೊಣಕಾಲಿಗೆ ಎರಡೂವರೆ ಕೋಟಿ ಕೋಶಗಳು. ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನ ಸವಕಲುಳ್ಳ 146 ಜನರಲ್ಲಿ ಇದನ್ನು ಕೋಶವಿಲ್ಲದ ದ್ರವದೊಂದಿಗೆ ಹೋಲಿಸಿ, ಯಾರಿಗೆ ಯಾವುದೆಂಬುದನ್ನು ಮರೆಯಿಟ್ಟು, ಪರೀಕ್ಷೆ ನಡೆಯಿಸಿದರು. ಒಂದು ವರ್ಷದ ಮೇಲೆ ಕೋಶ ಪಡೆದವರಿಗೆ ನೋವೂ ಬಿಗಿತವೂ ಹೆಚ್ಚು ಕಡಮೆಯಾಗಿದ್ದುವು. ಮೃದ್ವಸ್ಥಿಯು ಹೊಸದಾಗಿ ಬೆಳೆದು ಗಾದಿಯು ಮೊದಲಿನಂತಾಯಿತೆಂದು ಮಾತ್ರ ತೋರಲಿಲ್ಲ. ಅದು ಮತ್ತಷ್ಟು ಕೆಡದೆ ನಿಂತಂತೆ ಕಂಡಿತು. ಭಾರತದ ಔಷಧ ನಿಯಂತ್ರಕರು 2022ರಲ್ಲಿ ಈ ಮದ್ದಿಗೆ ಮೊಣಕಾಲಿನ ರೋಗಕ್ಕೆಂದು ಅನುಮತಿಯಿತ್ತರು. ಇದು ಅಭಿಮಾನಪಡತಕ್ಕ ಕೆಲಸವೇ. ಆದರೆ ಪರೀಕ್ಷೆಗೊಳಗಾದವರು ನೂರೈವತ್ತಕ್ಕೂ ಕಡಮೆ ಜನ. ಪರೀಕ್ಷೆ ನಡೆಯಿಸಿದವರು ಮದ್ದು ಮಾಡಿದವರೇ. ನಾಲ್ಕನೆಯ ಮೆಟ್ಟಿಲಿಗೆ, ಎಂದರೆ ಎಲುಬಿಗೆ ಎಲುಬು ತಾಗಿದವರಿಗೆ, ಇದು ಹೇಳಿದುದಲ್ಲ. ನಮಗೆ ಪತ್ರ ಬರೆದವರ ಮನೆಯ ಹಿರಿಯರಲ್ಲಿ ಹಲವರು ಆ ಮೆಟ್ಟಿಲಿನವರೇ ಆಗಿರುವಂತೆ ತೋರುತ್ತದೆ.

ಪರದೇಶದ ದೊಡ್ಡ ಪರೀಕ್ಷೆಯು ಇಷ್ಟು ಹಿತವಾದ ಮಾತನ್ನಾಡಲಿಲ್ಲ. ಅಮೆರಿಕದಲ್ಲಿ 475 ಜನರಿಗೆ, ಕೆಲವರಿಗೆ ತಮ್ಮದೇ ಮಜ್ಜೆಯ ಸಾರವನ್ನು, ಕೆಲವರಿಗೆ ತಮ್ಮದೇ ಕೊಬ್ಬಿನಿಂದ ತೆಗೆದುದನ್ನು, ಕೆಲವರಿಗೆ ಹೊಕ್ಕುಳಬಳ್ಳಿಯ ಕೋಶಗಳನ್ನು, ಉಳಿದವರಿಗೆ ಅಗ್ಗದ ಸ್ಟೆರಾಯ್ಡನ್ನು ಚುಚ್ಚಿ ವರ್ಷವೊಂದು ನೋಡಿದರು. ಸ್ಟೆರಾಯ್ಡಿಗಿಂತ ಯಾವುದೂ ಮೇಲಾಗಲಿಲ್ಲ. ಇದು 2023ರಲ್ಲಿ ಪ್ರಕಟವಾಯಿತು. ಎಲ್ಲ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಮಂಡಳಿಯು 2025ರಲ್ಲಿ, ನೋವು ಅಲ್ಪಸ್ವಲ್ಪ ಕಡಮೆಯಾಗಬಹುದು, ಆದರೆ ಆಧಾರವು ದುರ್ಬಲವೆಂದು ತೀರ್ಮಾನಿಸಿತು. ಅಪಾಯವೇ ಇಲ್ಲವೆಂಬುದೂ ಸುಳ್ಳು. ಅಮೆರಿಕದ ಮೂರು ಸಂಸ್ಥಾನಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದ ಮದ್ದನ್ನು ಚುಚ್ಚಿಸಿಕೊಂಡ 12 ಜನರು ಸೋಂಕು ತಗಲಿ ಆಸ್ಪತ್ರೆ ಸೇರಿದ ಸಂಗತಿಯನ್ನು ಅಲ್ಲಿಯ ಸರಕಾರವು 2018ರಲ್ಲಿ ಹೊರಗೆಡಹಿತು.

ಹಾಗಾದರೆ ಚುಚ್ಚಿಸಿಕೊಳ್ಳಲೇಬೇಕೆಂದಿರುವವರು ಏನು ಮಾಡಬೇಕು? ಮದ್ದಿನ ಹೆಸರನ್ನೂ ತಯಾರಿಸಿದವರ ಹೆಸರನ್ನೂ ಬರೆದು ಕೊಡಿರೆಂದು ಕೇಳಬೇಕು. 2019ರ ಔಷಧ ನಿಯಮಗಳ ಮೇರೆಗೆ ಕಾಂಡಕೋಶದಿಂದ ತಯಾರಾದ ಪದಾರ್ಥವು ಹೊಸ ಔಷಧವೆಂದೇ ಎಣಿಕೆಯಾಗುವುದು. ಅದಕ್ಕೆ ಅನುಮತಿ ಬೇಕು. "ಇದು ಇನ್ನೂ ಸಂಶೋಧನೆ" ಎಂದು ಉತ್ತರ ಬಂದರೆ ನೋಂದಣಿಯ ಸಂಖ್ಯೆಯನ್ನು ಕೇಳಬೇಕು. ಸಂಶೋಧನೆಗೆ ಒಳಗಾಗುವ ರೋಗಿಯಿಂದ ಹಣ ತೆಗೆದುಕೊಳ್ಳಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಿದೆ. ಸಂಶೋಧನೆಯೆಂದೂ ಹೇಳಿ ಲಕ್ಷ ರೂಪಾಯಿಯನ್ನೂ ಕೇಳುವವರ ಮುಂದಿನಿಂದ ಎದ್ದು ಬರುವುದೇ ಲೇಸು. ನಾಲ್ಕನೆಯ ಮೆಟ್ಟಿಲಿನ ಚಿತ್ರವನ್ನು ನೋಡಿಯೂ ಸೂಜಿಯನ್ನು ಹಾಕುವೆನೆಂದವರ ಮುಂದಿನಿಂದಲೂ ಹಾಗೆಯೇ.

ಹಣವಿಲ್ಲದೆ ಆಗುವ ಚಿಕಿತ್ಸೆಯು ಎಲ್ಲಕ್ಕಿಂತ ಹೆಚ್ಚು ಪರೀಕ್ಷಿತವಾದುದು, ಮತ್ತು ಎಲ್ಲಕ್ಕಿಂತ ಹೆಚ್ಚು ಅಲಕ್ಷಿತವಾದುದು. ತೊಡೆಯ ಮುಂಭಾಗದ ಸ್ನಾಯುಗಳು ಬಲವಾದರೆ ಮೊಣಕಾಲಿನ ಹೊರೆಯು ಇಳಿಯುವುದು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ನೀಡಿ, ಹತ್ತು ಎಣಿಸುವ ತನಕ ಹಿಡಿದು, ಮೆಲ್ಲಗೆ ಇಳಿಸಬೇಕು; ಅನಂತರ ಇನ್ನೊಂದು ಕಾಲು. ಮಲಗಿದಾಗ ಮೊಣಕಾಲ ಕೆಳಗೆ ಸುತ್ತಿದ ಟಾವೆಲನ್ನಿಟ್ಟು ಅದನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಹತ್ತತ್ತು ಸಲ, ದಿನಕ್ಕೆ ಎರಡು ಹೊತ್ತು. ಮೊದಲ ಎರಡು ವಾರ ತುಸು ನೋಯುವುದು; ಆರು ವಾರಕ್ಕೆ ಮೊದಲು ಫಲ ಕಾಣದು. ನಮ್ಮವರು ಸಾಮಾನ್ಯವಾಗಿ ಬಿಡುವುದು ಮೂರನೆಯ ವಾರದಲ್ಲಿ! 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ವ್ಯಾಯಾಮಚಿಕಿತ್ಸೆ ಪಡೆದವರು ಒಂದು ವರ್ಷದ ಬಳಿಕ ಸ್ಟೆರಾಯ್ಡ್ ಚುಚ್ಚಿಸಿಕೊಂಡವರಿಗಿಂತ ಚೆನ್ನಾಗಿದ್ದರು. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಒಂದೊಂದು ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುವುದೆಂದು 2005ರಲ್ಲಿ ಅಳೆದು ನೋಡಿರುವರು. ಐದು ಕಿಲೋ ಇಳಿದ ಗೃಹಿಣಿಯು ಹೆಜ್ಜೆಹೆಜ್ಜೆಗೂ ಇಪ್ಪತ್ತು ಕಿಲೋ ಜೋಳದ ಮೂಟೆಯನ್ನು ಇಳಿಸಿದಂತಾಯಿತು. ಸ್ಥೂಲಕಾಯರಿಗೆ ಕೊಡುವ ಸೆಮಾಗ್ಲುಟೈಡ್ ಎಂಬ ಹೊಸ ಮದ್ದಿನಿಂದ ತೂಕವೂ ಮೊಣಕಾಲಿನ ನೋವೂ ಇಳಿದುದು 2024ರಲ್ಲಿ ಪ್ರಕಟವಾಗಿದೆ. ಅದು ವೈದ್ಯರ ಕಣ್ಗಾವಲಿನಲ್ಲಿಯೇ ಆಗತಕ್ಕದ್ದು.

ಊರುಗೋಲನ್ನು ನೋಯುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯುವವರೇ ಬಹಳ. ಅದು ಎದುರು ಕೈಯಲ್ಲಿರಬೇಕು: ಬಲಮೊಣಕಾಲು ನೋಯುತ್ತಿದ್ದರೆ ಎಡಗೈಯಲ್ಲಿ. ನೋವಿಗೆ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಗುಳಿಗೆಗಿಂತ ಕಡಮೆ ಅಪಾಯದ್ದು. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ದೋಷ ಇದ್ದವರು ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾವಾಗಿ ತಂದು ತಿಂಗಳುಗಟ್ಟಲೆ ನುಂಗುವುದು ಮೊಣಕಾಲಿನ ರೋಗಕ್ಕಿಂತ ಘೋರವಾದ ರೋಗವನ್ನು ತಂದುಕೊಂಡಂತೆ.

ಇಷ್ಟಾದರೂ ರಾತ್ರಿ ನಿದ್ದೆ ಬಾರದೆ, ಅಂಗಳ ದಾಟಲಾಗದೆ, ಕಾಲು ಬಿಲ್ಲಿನಂತೆ ಬಾಗಿದವರಿಗೆ ಶಸ್ತ್ರಕ್ರಿಯೆಯ ಹೊರತು ಬೇರೆ ದಾರಿಯಿಲ್ಲ. ಜನರು ಇದನ್ನು "ಚಿಪ್ಪು ಬದಲಿಸುವುದು" ಎನ್ನುವರು. ನಿಜದಲ್ಲಿ ಚಿಪ್ಪು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಮೇಲಿನ ಕೆಳಗಿನ ಎಲುಬುಗಳ ಸವೆದ ಮುಖಗಳನ್ನು ತೆಳ್ಳಗೆ ಕೊಯ್ದು ಲೋಹದ ಟೊಪ್ಪಿಗೆಯಿಟ್ಟು ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಕೂಡಿಸುವರು. ಪ್ರಧಾನಮಂತ್ರಿ ವಾಜಪೇಯಿಯವರು 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ತಮ್ಮ ಎರಡು ಮೊಣಕಾಲುಗಳಿಗೆ ಮಾಡಿಸಿಕೊಂಡುದು ಇದನ್ನೇ. ಮಾಡಿದ ಡಾ. ಚಿತ್ತರಂಜನ ರಾಣಾವತ್ ಅವರು 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಇಂದಿನ ಮಾದರಿಯ ಕೃತಕ ಕೀಲನ್ನು ರೂಪಿಸಿದವರಲ್ಲಿ ಒಬ್ಬರು. ಹೀಗೆ ಹಾಕಿದ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುವುವೆಂದು 2019ರ ಲೆಕ್ಕವು ಹೇಳುತ್ತದೆ. ಆದರೂ ಐವರಲ್ಲಿ ಒಬ್ಬರಷ್ಟು ಜನ ಪೂರ್ಣ ತೃಪ್ತರಾಗುವುದಿಲ್ಲವೆಂಬುದನ್ನು ಮುಚ್ಚಿಡಲಾಗದು. ಸೋಂಕು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳೂ ಉಂಟು. ಆತುರವೂ ಸಲ್ಲದು. ಡೆನ್ಮಾರ್ಕಿನಲ್ಲಿ ಶಸ್ತ್ರಕ್ರಿಯೆಗೆ ಯೋಗ್ಯರೆನಿಸಿದ 50 ಜನರಿಗೆ ಮೊದಲು ವ್ಯಾಯಾಮ, ಪಥ್ಯಗಳನ್ನಷ್ಟೇ ಕೊಟ್ಟು ನೋಡಿದಾಗ, ಒಂದು ವರ್ಷದೊಳಗೆ ಶಸ್ತ್ರಕ್ರಿಯೆಗೆ ಹೋದವರು 13 ಜನ ಮಾತ್ರ.

ಕೃತಕ ಕೀಲಿನ ಬೆಲೆಗೆ ಸರಕಾರವು 2017ರ ಆಗಸ್ಟಿನಲ್ಲಿ ಮಿತಿ ಹಾಕಿತು. ಸಾಮಾನ್ಯ ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಆಗ ಗೊತ್ತಾಯಿತು. ಈಗಿನ ದರವೇನೆಂದು ಕೇಳಿ, ಕೀಲಿನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸುವಂತೆ ಹೇಳಬೇಕು. ಆಸ್ಪತ್ರೆಯ ಉಳಿದ ಖರ್ಚಿಗೆ ಆ ಮಿತಿಯಿಲ್ಲ. ಕಾಗವಾಡ, ಅಥಣಿಯವರು ಡಾ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದಲೂ ಮೀರಜಕ್ಕೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಹೋಗುವುದು ರೂಢಿ. ಹತ್ತಿರವೆಂಬುದು ಒಳ್ಳೆಯ ಕಾರಣವೇ. ಆದರೆ ಕರ್ನಾಟಕದ ಆರೋಗ್ಯ ಕಾರ್ಡು ಗಡಿಯಾಚೆ ಹೇಗೆ ನಡೆಯುವುದೆಂಬುದನ್ನು ಹೊರಡುವ ಮೊದಲೇ ವಿಚಾರಿಸಬೇಕು. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿಯೂ ಕೆ.ಎಲ್.ಇ. ಆಸ್ಪತ್ರೆಯಲ್ಲಿಯೂ ಒಮ್ಮೆ ಕೇಳಿನೋಡುವುದು ಒಳಿತು.

ಶಸ್ತ್ರಕ್ರಿಯೆ ನಿಶ್ಚಯವಾದ ಮನೆಯವರು ಹಲ್ಲಿನ ಹುಣ್ಣು, ಕಾಲಿನ ಗಾಯ, ಏರಿದ ಸಕ್ಕರೆ ಇವನ್ನು ಮೊದಲೇ ಸರಿಪಡಿಸಿಕೊಂಡಿರಬೇಕು. ಅನಂತರದ ಆರು ವಾರ ಜೊತೆಗೆ ಯಾರಿರುವರೆಂಬುದನ್ನೂ ಗೊತ್ತುಮಾಡಬೇಕು. ಹೊಸ ಕೀಲಿನವರಿಗೆ ಕುಕ್ಕರಗಾಲಿನಲ್ಲಿ ಕೂಡ್ರುವುದನ್ನು ಸಾಮಾನ್ಯವಾಗಿ ಬೇಡವೆನ್ನುವರು. ಆದಕಾರಣ ಶೌಚದ ಮನೆಯಲ್ಲಿ ಎತ್ತರದ ಪೀಠ, ಅದರ ಪಕ್ಕದ ಗೋಡೆಗೆ ಕೈಹಿಡಿ, ಅಡಿಗೆಯ ಕಟ್ಟೆಗೆ ಸರಿಯಾದ ಸ್ಟೂಲು, ದೇವರ ಮುಂದೆ ಒಂದು ಕುರ್ಚಿ ಇವಿಷ್ಟನ್ನೂ ಹಿರಿಯರು ಆಸ್ಪತ್ರೆಗೆ ಹೊರಡುವ ಮುಂಚಿನ ವಾರದಲ್ಲಿಯೇ ಅಣಿಗೊಳಿಸಿ, ಅವರನ್ನು ಒಮ್ಮೆ ಕೂಡ್ರಿಸಿ ಎತ್ತರವನ್ನು ನೋಡಿಕೊಳ್ಳತಕ್ಕದ್ದು.